ಹೊರಗಿನ ಚಿಲಕ

"ನಾಳೆ ಅವರನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ, ಸುಶೀಲಮ್ಮನವರೇ. ಆಮೇಲೆ ಜೈಲೇ," ಎಂದು ಲೀಲಮ್ಮ ಬಾಗಿಲಲ್ಲೇ ಕುಸಿದು ಕೂತಳು. ಅವಳ ಗಂಡ ಮರಿಯಪ್ಪ ಕಾನ್ವೆಂಟಿನ ಕಾವಲುಗಾರ. ಹಿಂದಿನ ರಾತ್ರಿ ಪೊಲೀಸರು ಅವನನ್ನು ಕೊಲೆಯ ಆರೋಪದ ಮೇಲೆ ಹಿಡಿದೊಯ್ದಿದ್ದರು.

ಅದು 2004ರ ಶುಭ ಶುಕ್ರವಾರದ ಮರುದಿನ. ಸರೋಜಿನಿ ನಗರದ ಹತ್ತಿರದ ಆ ಕಾನ್ವೆಂಟಿನ ಮಹಡಿಯ ಕೋಣೆಯಲ್ಲಿ ಸುಶೀಲಮ್ಮ ಬಾಡಿಗೆಗಿದ್ದರು. ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ಸುತ್ತಲಿನವರ ತೊಡಕುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ನಾನು ಅವರ ಅಡುಗೆಯವಳು. ಅವರು ಹೋದಲ್ಲೆಲ್ಲ ಹಿಂದೆ ಹೋಗುತ್ತಿದ್ದೆ.

ಸತ್ತವರು ಸಿಸ್ಟರ್ ಸೆವ್ರಿನ್. ಮಂಗಳೂರು ಕಡೆಯಿಂದ ಬಂದು ಮೂವತ್ತನಾಲ್ಕು ವರ್ಷ ಕೊಳೆಗೇರಿಯ ಹೆಣ್ಣುಮಕ್ಕಳ ತಲೆ ಬಾಚಿ, ಅಕ್ಷರ ಕಲಿಸಿದವರು. ಶುಕ್ರವಾರ ಮೂರಕ್ಕೆ ಚಾಪೆಲ್‌ನಿಂದ ಮರದ ಗಿಲಕಿಯ ಟಕಟಕ ಕೇಳಿದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಐದಕ್ಕೆ ಅವರ ಹೆಣ ಶಾಲೆಯ ಸ್ಟೋರ್ ರೂಮಿನಲ್ಲಿ ಸಿಕ್ಕಿತು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಆಸ್ತಮಾಕ್ಕೆಂದು ಅವರು ಸದಾ ಜೊತೆಗಿಟ್ಟುಕೊಳ್ಳುತ್ತಿದ್ದ ಉಸಿರಿನ ಪಂಪ್ ಗೇಟಿನ ಬಳಿ ಮರಿಯಪ್ಪನ ಕಾವಲು ಗೂಡಿನಲ್ಲಿತ್ತು.

ಸುಶೀಲಮ್ಮ ಸ್ಟೋರ್ ರೂಮಿನ ಬಾಗಿಲ ಒಳಮೈಯನ್ನು ಸವರಿ ನೋಡಿದರು. ಹೊಸ ಉಗುರುಗೀರುಗಳು ಎದೆಯೆತ್ತರದಲ್ಲಿದ್ದವು. ಹಳೆಯವು ಬಹಳ ಕೆಳಗಿದ್ದವು.

"ಈ ಕೆಳಗಿನವು ಯಾರವು ದೇವಕಿ? ನೀನು ಓದಿದ್ದು ಇಲ್ಲೇ ಅಲ್ವಾ?"

ನಾನು ಒಂದು ಗೀರಿನ ಮೇಲೆ ಬೆರಳಿಟ್ಟೆ. "ಇದು ನಂದು. ಲೆಕ್ಕ ತಪ್ಪಿದ್ರೆ ಇಲ್ಲಿ ಕೂಡಿಹಾಕ್ತಿದ್ರು. ಅದಕ್ಕೇ ಏಳನೇ ಕ್ಲಾಸಿಗೆ ಬಿಟ್ಟೆ."

"ಸಿಸ್ಟರ್‌ಗೆ ಗೊತ್ತಿತ್ತಾ?"

"ಹೋದ ವಾರ ನಾನೇ ಹೇಳಿದೆ."

ಸುಶೀಲಮ್ಮ ಠಾಣೆಗೆ ಹೋಗಿ, ಹಳೆಯ ಪರಿಚಯದ ಮೇಲೆ ಹೇಳಿಕೆಗಳನ್ನು ಓದಿ ಬಂದರು.

ಸಂಜೆ ಊಟದ ಹಾಲಿನಲ್ಲಿ ಎಲ್ಲರೂ ಸೇರಿದರು: ಇನ್ಸ್‌ಪೆಕ್ಟರ್, ಕಾನ್ವೆಂಟಿನ ಮುಖ್ಯಸ್ಥೆ ಮದರ್, ಸಿಸ್ಟರ್‌ಗಳು, ಲೀಲಮ್ಮ, ಹನ್ನೊಂದು ವರ್ಷದಿಂದ ಅಲ್ಲಿ ಪಾಠ ಮಾಡುತ್ತಿದ್ದ ಸಿಂಧೂರ ಟೀಚರ್.

"ನಿನ್ನೆ ರಜಾ. ಆದರೂ ಬಂದಿದ್ದೆ ಅಲ್ವಾ ಸಿಂಧೂರ?" ಎಂದು ಸುಶೀಲಮ್ಮ ಕೇಳಿದರು.

"ಹಳೇ ಪುಸ್ತಕ ಜೋಡಿಸೋಕೆ, ಆಂಟಿ. ಪೊಲೀಸರಿಗೂ ಹೇಳಿದೀನಿ. ಮೂರಕ್ಕೆ ಚಾಪೆಲ್ ಗಂಟೆ ಹೊಡೀತು, ಸಿಸ್ಟರ್ ನೀನು ಹೊರಡು ಅಂದ್ರು. ಆಗ ಮರಿಯಪ್ಪ ಅಲ್ಲೇ ವರಾಂಡದಲ್ಲಿ ನಿಂತಿದ್ದ."

ಮದರ್ ತಲೆಯೆತ್ತಿದರು. "ಯಾವ ಗಂಟೆ? ಗುರುವಾರ ರಾತ್ರಿಯಿಂದ ಈಸ್ಟರ್ ಜಾಗರಣೆಯವರೆಗೆ ನಾವು ಗಂಟೆ ಮುಟ್ಟೋದಿಲ್ಲ. ಮರದ ಗಿಲಕಿ ಆಡಿಸ್ತೀವಿ."

"ಆಡಿಸಿದ್ದು ಯಾರು, ಮದರ್?"

"ಮರಿಯಪ್ಪನೇ. ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು ನಮ್ಮೆದುರಿಗೇ ನಿಂತಿದ್ದ."

ಸುಶೀಲಮ್ಮ ಕನ್ನಡ ಬಾರದ ಇನ್ಸ್‌ಪೆಕ್ಟರರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. "ಈಕೆ ಹನ್ನೊಂದು ವರ್ಷ ದಿನವೂ ಮೂರರ ಗಂಟೆ ಕೇಳಿದವಳು. ಶುಭ ಶುಕ್ರವಾರ ಪ್ರತಿ ವರ್ಷವೂ ಶಾಲೆಗೆ ರಜೆ. ಆ ದಿನ ಗಂಟೆ ಮೂಕವಾಗಿರುತ್ತದೆ ಎಂದು ಗೊತ್ತಾಗುವುದು ಹೇಗೆ? ಗಿಲಕಿಯ ಸದ್ದು ನಮ್ಮ ಮಹಡಿಯವರೆಗೂ ಕೇಳಿಸಿತ್ತು. ಮೂರಕ್ಕೆ ಶಾಲೆಯಲ್ಲಿದ್ದಿದ್ದರೆ ಈಕೆಗೂ ಅದು ಕೇಳಿಸದೆ ಇರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಈಕೆ ಪಂಪ್ ಕಸಿದು, ಚಿಲಕ ಹಾಕಿ, ಮರಿಯಪ್ಪ ಬಿಟ್ಟುಹೋದ ಖಾಲಿ ಗೂಡಿನಲ್ಲಿ ಅದನ್ನಿಟ್ಟು ಹೊರಟಾಗಿತ್ತು. ದೇವಕಿ ಹೇಳಿದ್ದನ್ನು ಕೇಳಿ, ಮಕ್ಕಳನ್ನು ಕೂಡಿಹಾಕುವ ಕೋಣೆ ಎಲ್ಲಿ ತೋರಿಸು ಎಂದು ಸಿಸ್ಟರ್ ಈಕೆಯನ್ನು ಕರೆಸಿರಬೇಕು. ಸೋಮವಾರ ಈಕೆಯ ಕೆಲಸ ಹೋಗುತ್ತಿತ್ತು." ಆಮೇಲೆ ನನ್ನನ್ನು ಕೇಳಿದರು: "ದೇವಕಿ, ನಿನ್ನನ್ನು ಅಲ್ಲಿ ಕೂಡಿಹಾಕುತ್ತಿದ್ದದ್ದು ಯಾರು?"

ನಾನು ಸಿಂಧೂರ ಟೀಚರ್ ಕಡೆಗೆ ಕೈ ತೋರಿಸಿದೆ.

ಇನ್ಸ್‌ಪೆಕ್ಟರ್ ಮರಿಯಪ್ಪನನ್ನು ಬಿಡಲು ಠಾಣೆಗೆ ಫೋನ್ ಮಾಡಿದರು. ಲೀಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಸಿಂಧೂರ ಟೀಚರ್ ಅಳಲಿಲ್ಲ. "ಮೂವತ್ತು ಮಕ್ಕಳನ್ನ ಒಬ್ಬರೇ ಸುಧಾರಿಸಿ ನೋಡಬೇಕಿತ್ತು ಸಿಸ್ಟರ್. ಅಲ್ಲಿ ಕೂತ್ರೆ ಏನೂ ಆಗಲ್ಲ ಅಂತ ಅವರಿಗೂ ತಿಳೀಲಿ ಅಂತಿದ್ದೆ," ಎಂದಳು. "ಬಡಿಯೋದು ಕೇಳಿಸ್ತು. ಮಕ್ಕಳೂ ಹಾಗೇ ಬಡೀತಾರೆ. ಹತ್ತು ನಿಮಿಷಕ್ಕೆ ಸುಮ್ಮನಾಗ್ತಾರೆ." ನನ್ನತ್ತ ತಿರುಗಿದಳು. "ಅಲ್ವೇನೇ ದೇವಕಿ?"

ನಾನು ಎದ್ದು ನಿಂತು ಕೈಕಟ್ಟಿದ್ದೆ. "ಹೌದು ಟೀಚರ್," ಎಂದೆ.