ಲೆಕ್ಕಕ್ಕಿಲ್ಲದ ಒಲೆ

"ತಗೋ, ಇವತ್ತಿಂದ ನಿನ್ನ ಒಲೆ ಬೇರೆ!"

ಅತ್ತೆ ಸೀಮೆಎಣ್ಣೆ ಒಲೆಯನ್ನು ಜಗಲಿಯ ಮೂಲೆಯಲ್ಲಿ ಕುಕ್ಕಿದ ರಭಸಕ್ಕೆ ಅದರ ಒಂದು ಕಾಲು ಸೊಟ್ಟಗಾಯಿತು. ಹಿರಿಸೊಸೆ ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತುಬಿಟ್ಟಳು. ಗಂಡನನ್ನು ಕಡಲಿಗೆ ಕೊಟ್ಟು ಒಂಬತ್ತು ವರ್ಷ. ಅಷ್ಟೂ ವರ್ಷ ಹಗಲೆಲ್ಲ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿದು, ಸಂಜೆ ಬಂದು ಈ ಮನೆಯ ಐದು ಬಾಯಿಗೂ ಬೇಯಿಸಿ ಹಾಕಿದವಳು ಅವಳೇ.

"ಅತ್ತೆ... ನಾನೇನು ತಪ್ಪು ಮಾಡ್ದೆ?"

"ತಪ್ಪೂ ಇಲ್ಲ, ಒಪ್ಪೂ ಇಲ್ಲ. ಎಣಿಕೆಯವರು ಬರ್ತಾರಂತೆ. ಒಲೆಗೊಂದು ಮನೆ. ಎರಡು ಒಲೆ ಉರಿದ್ರೆ ಎರಡು ಮನೆ. ಗಂಡನ್ನಂತೂ ಉಳಿಸ್ಕೊಳ್ಲಿಲ್ಲ, ಒಂದು ಮನೆಯನ್ನಾದ್ರೂ ಗಳಿಸಿಕೊಡು!"

ಬಂದರಿನ ಪಕ್ಕದ ಆ ಓಣಿಗಳನ್ನೆಲ್ಲ ಕೆಡವಿ ಗಾಜಿನ ಗೋಪುರಗಳನ್ನೂ ವಾಯುವಿಹಾರದ ದಾರಿಯನ್ನೂ ಕಟ್ಟುವುದೆಂದು ತೀರ್ಮಾನವಾಗಿತ್ತು. ಎದ್ದುಹೋಗುವವರಿಗೆ ಊರಾಚೆ, ಕಡಲಿನ ಸದ್ದೂ ಕೇಳದ ಕಡೆ ಮನೆ. ಯಾರದು ಸಂಸಾರ, ಯಾರದಲ್ಲ ಎಂದು ತಿಳಿಯಲು ಕಚೇರಿಯವರು ಹೊರತೆಗೆದದ್ದು ಪರದೇಶದ ದೊರೆಗಳ ಕಾಲದ ಒಲೆಪಟ್ಟಿಯ ಕಾಯಿದೆಯನ್ನು. ದೊರೆಗಳು ಹಡಗು ಹತ್ತಿ ಹೋಗಿ ಎರಡು ತಲೆಮಾರಾಗಿತ್ತು. ಕಾಯಿದೆ ಮಾತ್ರ ಬೀರುವಿನಲ್ಲಿ ಬೆಚ್ಚಗೆ ಕುಳಿತಿತ್ತು. ಅವರು ಒಲೆ ಎಣಿಸಿದ್ದು ಕರ ಹಾಕಲು, ಇವರು ಎಣಿಸಿದ್ದು ಜನರನ್ನು ಎಬ್ಬಿಸಲು.

"ಬೇಡ ಅತ್ತಿಗೆ, ಒಪ್ಕೋಬೇಡಿ," ಎಂದ ಮೈದುನ. ದೋಣಿಗಳಿಗೆ ಬೆಸುಗೆ ಹಾಕುವ ಅವನ ಕಣ್ಣು ಯಾವಾಗಲೂ ಕೆಂಪು. ಆ ದಿನ ಇನ್ನಷ್ಟು ಕೆಂಪಾಗಿತ್ತು.

"ಹೋಗ್ಲಿ ಬಿಡಪ್ಪ, ನಾಲ್ಕು ದಿನದ ನಾಟಕ. ನನ್ನ ಅಡುಗೆ ತಿನ್ನೋ ಶಿಕ್ಷೆಯಾದ್ರೂ ನಿಮಗೆ ತಪ್ಪುತ್ತೆ!" ಎಂದು ನಗಿಸಿದಳು. 'ಒಬ್ಬರ ಅನ್ನ ಒಬ್ಬರು ಉಣ್ಣುವುದಿಲ್ಲ' ಎಂದು ಬರೆದ ಹಾಳೆಗೆ ಅವಳೂ ಮೈದುನನೂ ರುಜು ಹಾಕಿದರು.

ಎಣಿಕೆಯವರು ಯಾವ ಹೊತ್ತಿಗೆ ಬಂದಾರೆಂದು ಹೇಳುವಂತಿರಲಿಲ್ಲ. ನಾಲ್ಕು ದಿನದ ನಾಟಕ ನಲವತ್ತು ದಿನ ನಡೆಯಿತು. ಅತ್ತೆ ಒಳಗೆ, ಇವಳು ಜಗಲಿಯಲ್ಲಿ. ಓರಗಿತ್ತಿ ಮಾತ್ರ ಬಟ್ಟೆ ಒಣಹಾಕುವ ನೆಪದಲ್ಲಿ ಬಂದು, ಹುರಿದ ಮೀನಿನ ತುಂಡೊಂದನ್ನು ಅವಳ ಅನ್ನದ ಕೆಳಗೆ ಹುದುಗಿಸಿ, "ಅಕ್ಕಾ, ಸದ್ದು ಮಾಡ್ದೆ ತಿನ್ನು," ಎಂದು ಪಿಸುಗುಟ್ಟಿ ಹೋಗುತ್ತಿದ್ದಳು.

ಪಟ್ಟಿ ಹೊರಬಿದ್ದ ದಿನ ಕಚೇರಿಯಲ್ಲಿ ನೂಕುನುಗ್ಗಲು. ಗುಮಾಸ್ತ ಒಳ್ಳೆಯವನು. ತಾನೇ ಎದ್ದು ಅತ್ತೆಗೆ ಕುರ್ಚಿ ಕೊಟ್ಟ. ಆದರೆ ಕಡತ ತೆರೆದವನ ಮುಖ ಬಾಡಿತು.

"ನಿಮ್ಮ ಮಗನ ಒಲೆ ಸೇರಿದೆ. ಜಗಲಿ ಒಲೆಯ ಈ ತಾಯಿಯದು ಸೇರಿಲ್ಲ. ಹಳೇ ದೊರೆಗಳು ವಿಧವೆಯರ ಒಲೆಗೆ ಕರ ಬೇಡ ಅಂತ ಬಿಟ್ಟಿದ್ರು. ಕರ ಇಲ್ಲದ ಒಲೆ ಪಟ್ಟಿಗೇ ಬರೋಲ್ಲ. ಅವತ್ತು ತೋರಿಸಿದ ದಯೆ... ಇವತ್ತು ಹೀಗಾಯ್ತು."

"ಹಾಗಾದ್ರೆ ಅತ್ತಿಗೆ ಹೆಸರು ನಮ್ಮ ಜೊತೆಗೇ ಬರ್ಕೊಳ್ಳಿ ಸ್ವಾಮಿ!" ಮೈದುನ ಮೇಜು ಹಿಡಿದುಕೊಂಡ.

"ಬೇರೆ ಇದೀವಿ ಅಂತ ನೀವೇ ರುಜು ಹಾಕಿದೀರಲ್ಲಪ್ಪ. ಅದು ಸುಳ್ಳು ಅಂತಾದ್ರೆ ನಿಮ್ಮ ಮನೆಯೂ ರದ್ದು." ಗುಮಾಸ್ತ ದನಿ ತಗ್ಗಿಸಿದ. "ನಾನೀಗ ಏನೂ ಕೇಳಿಸ್ಕೊಂಡಿಲ್ಲ. ನೀರು ಕುಡಿದು ಬರ್ತೀನಿ. ಯೋಚಿಸಿ ಹೇಳಿ."

ಅವನು ಮರಳಿ ಬರುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದಳು. "ಸುಳ್ಳು ಹೇಳ್ಸಿದ್ದು ನಾನು! ಇವಳು ನನ್ನ ಸೊಸೆ... ನನ್ನ ಹಿರೀಮಗನ ಹೆಂಡ್ತಿ... ಬರ್ಕೊಳ್ಳಪ್ಪ..."

ಗುಮಾಸ್ತ ಹಿರಿಸೊಸೆಯ ಕಡೆ ನೋಡಿದ. ಬಾಗಿಲ ಬಳಿ ಓರಗಿತ್ತಿ, ಅವಳ ಹೆಗಲ ಮೇಲೆ ನಿದ್ದೆಹೋದ ಮಗು. ಆ ಮಗುವಿನ ತಲೆಯ ಮೇಲೆ ಸೂರು ಉಳಿಯುವುದೋ ಇಲ್ಲವೋ ಎಂಬುದು ಈಗ ತನ್ನ ನಾಲಿಗೆಯ ತುದಿಯಲ್ಲಿದೆ! ಹಿರಿಸೊಸೆ ಮುಂದೆ ಬಂದು ಮುದುಕಿಯ ಭುಜ ಹಿಡಿದು ಮೆಲ್ಲಗೆ ಕೂರಿಸಿದಳು.

"ಅಜ್ಜಿಗೆ ವಯಸ್ಸಾಯ್ತು ಸ್ವಾಮಿ, ಏನೇನೋ ಮಾತಾಡ್ತಾರೆ. ನಾವು ಬೇರೆಯವರೇ."

ಅಜ್ಜಿ... ಆ ಒಂದು ಮಾತಿಗೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದಳು. ಮೈದುನ ಗೋಡೆಯ ಕಡೆ ತಿರುಗಿ ನಿಂತ. ಗುಮಾಸ್ತ ತಲೆಯೆತ್ತದೆ ಮೆಲ್ಲಗೆ ಮುದ್ರೆ ಒತ್ತಿದ.

ಎಂಟು ದಿನಕ್ಕೆ ಓಣಿಯ ಬಾಯಿಗೆ ಬಸ್ಸು ಬಂತು. ಅತ್ತೆಯ ಮಂಡಿ ಮೆಟ್ಟಿಲಿಗೆ ಬಗ್ಗಲಿಲ್ಲ. ಹಿರಿಸೊಸೆ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಬೆನ್ನಿಗೆ ಬಟ್ಟೆಯ ಗಂಟು ಆನಿಸಿದಳು. ಅತ್ತೆ ಅವಳ ಮಣಿಕಟ್ಟನ್ನು ಬಿಡಲೊಲ್ಲಳು.

"ನೀನೂ ಬಾರೇ... ಒಂದು ಮೂಲೇಲಿ ಇದ್ದುಬಿಡು..."

"ಇನ್ನೊಂದು ವರ್ಷದವರೆಗೂ ಅಲ್ಲಿಗೂ ಎಣಿಕೆಗೆ ಬರ್ತಾರಂತೆ ಅತ್ತೆ. ಶೆಡ್ಡು ಕೆಡವೋವರೆಗೂ ಅಲ್ಲೇ ಮಲಗೋಕೆ ಹೇಳಿದಾರೆ. ಆಮೇಲಿಂದು ಆಮೇಲೆ."

ಕಂಡಕ್ಟರು ಪಟ್ಟಿ ಹಿಡಿದು ಬಂದ. "ಏನಮ್ಮಾ, ನೀವೂ ಇವರ ಮನೆಯವರಾ?"

ಹಿರಿಸೊಸೆ ಮುದುಕಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಿಲಲ್ಲಿ ಜೋಪಾನವಾಗಿ ಇಟ್ಟಳು.

"ಅಲ್ಲಪ್ಪಾ. ಪಕ್ಕದವಳು. ಪಾಪ, ಹತ್ತೋಕೆ ಕಷ್ಟಪಡ್ತಿದ್ರು ಅಂತ ಕೈ ಹಿಡಿದೆ," ಎಂದು ಕೆಳಗಿಳಿದಳು.