ವೇಯ್ಕೊ ತೆಗೆದ ಕೊನೆಯ ಫಿಲ್ಮು

ಹಡಗುಕಟ್ಟೆಯಲ್ಲಿ ಹಡಗಿನ ಎಣ್ಣೆ ತೊಟ್ಟಿಯೊಳಗೆ ಬಣ್ಣ ಬಳಿಯುತ್ತಿದ್ದಾಗ ಉಸಿರುಕಟ್ಟಿ ಸತ್ತ ವೇಯ್ಕೊ ತೆಗೆದಿದ್ದ ಕೊನೆಯ ಫಿಲ್ಮನ್ನು ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಹಾಳುಮಾಡಲಾಯಿತು.

ಅವನ ಹೆಂಡತಿ ಐಲಾ ಈ ದೂರನ್ನು ಗೋಥೆನ್‌ಬರ್ಗಿನ ಬಂದರು ಠಾಣೆಗೆ ತಂದದ್ದು 1974ರ ನವೆಂಬರ್ 12ರ ಬೆಳಿಗ್ಗೆ. ಇನ್‌ಸ್ಪೆಕ್ಟರ್ ಎವರ್ಟ್ ಲಿಂಡ್ ಅದನ್ನು ದಾಖಲಿಸಿಕೊಂಡ.

“ಫಿಲ್ಮಲ್ಲಿ ಏನಿತ್ತು?”

“ತೊಟ್ಟಿಯ ಗಾಳಿಕಿಂಡಿ. ಬೋಲ್ಟು ಜಡಿದು ಮುಚ್ಚಿದ್ರು. ಸಾಯೋ ಹಿಂದಿನ ದಿನ ಫೋಟೊ ತೆಗೆದ. ಅವರಪ್ಪನ ಕಾಲದ ಕ್ಯಾಮೆರಾ, ಅಲ್ಲೇ ಜಾಮ್ ಆಯ್ತು. ಅವನು ಹೋದ ಮೇಲೆ ರಿಪೇರಿಗೆ ಕೊಟ್ಟೆ, ಫಿಲ್ಮು ಹೋಯ್ತು ಅಂತ ಅಂಗಡಿಯವನು ವಾಪಸ್ ಕೊಟ್ಟ.”

“ಕಿಂಡಿ ತೆರೆದೇ ಇತ್ತು ಅಂತಾರೆ ಕಂಪನಿಯವರು.”

“ಕುಡಿದು ಒಳಗೆ ಮಲಗಿದ್ದ ಅಂತಾನೂ ಅಂತಾರೆ. ಫಿನ್‌ಲೆಂಡಿನಿಂದ ದುಡಿಯೋಕೆ ಬಂದ ನಾವು ಅಂದ್ರೆ ನಿಮಗೆಲ್ಲ ಕುಡುಕರೇ ಅಲ್ವಾ, ಇನ್‌ಸ್ಪೆಕ್ಟ್ರೇ?”

ಲಿಂಡ್ ಅದನ್ನೂ ಬರೆದುಕೊಂಡ. ಆ ವರ್ಷ ಆ ಕಟ್ಟೆಯಲ್ಲಿ ಸತ್ತವರೆಲ್ಲ ತಮ್ಮದೇ ತಪ್ಪಿನಿಂದ ಸತ್ತಿದ್ದರು. ವರದಿಗಳು ಹಾಗೆಂದೇ ಹೇಳುತ್ತಿದ್ದವು.

ಐಲಾ ತಂದ ಫಿಲ್ಮನ್ನು ತೊಳೆದು ಚಿತ್ರ ಮೂಡಿಸಲು ಕಳಿಸಿ, ಲಿಂಡ್ ಕ್ಯಾಮೆರಾ ಹಿಡಿದು ಅಂಗಡಿಗೆ ಹೋದ. ಜೊತೆಗೆ ಕಾನ್‌ಸ್ಟೇಬಲ್ ಗುನ್‌ವೋರ್. ರಿಪೇರಿಯವನು ಹಿಲ್ಡಿಂಗ್ ರಾಸ್ಕ್, ಅರವತ್ತು ದಾಟಿದವನು. ಪಂಚನಾಮೆಯಲ್ಲಿ ಅವನ ಚಿಮಟ, ಸ್ಪಿರಿಟು, ಮೊಳೆಗೆ ನೇತುಹಾಕಿದ್ದ ಎರಡು ತೋಳಿನ ಕಪ್ಪು ಬಟ್ಟೆಚೀಲ ನಮೂದಾದವು.

“ಇದಕ್ಕೇನಾಗಿತ್ತು?”

“ಫಿಲ್ಮಿನ ಅಂಚು ಹರಿದು, ಚೂರೊಂದು ಹಲ್ಲುಚಕ್ರಕ್ಕೆ ಸಿಕ್ಕಿಕೊಂಡಿತ್ತು. ಮುಂದಕ್ಕೂ ಹೋಗ್ತಿರಲಿಲ್ಲ, ಹಿಂದಕ್ಕೂ ಬರ್ತಿರಲಿಲ್ಲ. ಚೂರು ಎಳೆದೆ, ಒರೆಸಿದೆ, ಒಂದು ತೊಟ್ಟು ಎಣ್ಣೆ ಬಿಟ್ಟೆ.” ಗುಂಡಿ ಒತ್ತಿ ತೋರಿಸಿದ. ಒಳಗಿನ ಶಟರ್ ಪರದೆ ಟಕ್ಕೆಂದು ಸರಿಯಿತು.

“ಫಿಲ್ಮಿರೋವಾಗ ಬೆಳಕು ತಾಗದ ಹಾಗೆ ಈ ಚೀಲದೊಳಗೆ ಕೈಯಿಟ್ಟು ತೆರೀಬೇಕಲ್ವಾ?”

“ಮರೆತೆ. ಹಿಂಬಾಗಿಲು ಒಂದು ಕ್ಷಣ ತೆರೆದೆ, ತಕ್ಷಣ ಮುಚ್ಚಿದೆ. ವಯಸ್ಸಾಯ್ತು.”

“ನಮ್ಮಜ್ಜಿಗೂ ಮರೆವು, ತಾತ. ಬಾಡಿಗೆ ಕೊಡೋ ದಿನ ಮಾತ್ರ,” ಎಂದಳು ಗುನ್‌ವೋರ್.

ಸಂಜೆ ತೊಳೆದ ಫಿಲ್ಮು ಬಂತು. ಬೆಳಕು ತಾಗಿ ತುದಿಯಿಂದ ತುದಿಗೆ ಕಪ್ಪು. ಲಿಂಡ್ ಅದನ್ನು ದೀಪಕ್ಕೆ ಹಿಡಿದ.

“ಕ್ಷಣ ತೆರೆದಿದ್ರೆ ಮೇಲಿನ ಸುತ್ತು ಮಾತ್ರ ಹೋಗ್ತಿತ್ತು. ಒಳಸುತ್ತಿಗೆ ಬೆಳಕು ತಾಗಲ್ಲ. ಇದನ್ನ ಪೂರ್ತಿ ಹೊರಗೆಳೆದಿದ್ದಾರೆ, ಗುನ್‌ವೋರ್.”

ಮರುದಿನ ರಾಸ್ಕ್‌ನನ್ನು ಠಾಣೆಗೆ ಕರೆಸಿದರು.

“ಯಾರು ಮಾಡಿಸಿದ್ರು?”

“ಯಾರೂ ಇಲ್ಲ. ಒಳಗೆ ಏನಿದೆ ಅಂತ ಆ ಹೆಣ್ಣುಮಗಳೇ ಹೇಳಿ, ಜೋಪಾನ ಅಂದಿದ್ಲು. ಆ ತೊಟ್ಟಿಗೆ ನನ್ನ ಅಳಿಯ ರೋಲ್ಫ್ ಮೇಸ್ತ್ರಿ. ಚಳಿಗಾಳಿ ಹೊಕ್ಕರೆ ಬಣ್ಣ ಒಣಗಲ್ಲ, ಕಿಂಡಿ ಮುಚ್ಚಿಸು ಅಂತ ಮೇಲಿನವರು ಹೇಳಿದ್ರಂತೆ, ಮುಚ್ಚಿಸಿದ. ಊಟಕ್ಕೆ ಕೂತಾಗ ನನಗೆ ಹೇಳಿ ಅತ್ತ. ಮಗಳು ತುಂಬು ಬಸುರಿ. ಚೀಲ ಕೈಗೆ ತಗೊಂಡೆ. ಮತ್ತೆ ಮೊಳೆಗೇ ಹಾಕಿ, ಕ್ಯಾಮೆರಾ ಹಿಡಿದು ಕಿಟಕಿ ಬೆಳಕಿಗೆ ಹೋದೆ.”

“ಆಮೇಲೆ ರಿಪೇರಿ ಯಾಕೆ ಮಾಡಿದ್ರಿ?”

“ಕೆಟ್ಟದ್ದನ್ನ ಹಾಗೇ ವಾಪಸ್ ಕೊಟ್ಟು ಅಭ್ಯಾಸ ಇಲ್ಲ.” ರಾಸ್ಕ್ ಮುಖ ಮುಚ್ಚಿಕೊಂಡ. “ಫಿಲ್ಮು ಹೋಯ್ತು ಅಂದಾಗ ಅವಳು ಬಯ್ಯಲಿಲ್ಲ. ನನ್ನ ಕೈಯನ್ನೇ ನೋಡ್ತಾ ನಿಂತಿದ್ಲು.”

ಸಾಕ್ಷ್ಯನಾಶದ ಆರೋಪದಲ್ಲಿ ಲಿಂಡ್ ಅವನನ್ನು ಬಂಧಿಸಿದ. ಮಧ್ಯಾಹ್ನ ಮೇಲಧಿಕಾರಿಯ ಫೋನು ಬಂತು. ಅರ್ಧ ಊರಿಗೆ ಅನ್ನ ಹಾಕುವುದು ಹಡಗುಕಟ್ಟೆ ಎಂದು ಆತ ನೆನಪಿಸಿದ. ಆಮೇಲೆ ಲಿಂಡ್ ರಾಸ್ಕ್‌ನ ಹೆಸರಲ್ಲಿ ಬೇರೊಂದು ಹೇಳಿಕೆ ಟೈಪು ಮಾಡಿ ತಂದ.

“ಸಹಿ ಹಾಕಿ ಮನೆಗೆ ಹೋಗಿ,” ಎಂದ, ಮೇಜಿನ ಅಂಚು ನೋಡುತ್ತ. “ಕೇಸಿಲ್ಲ. ರೋಲ್ಫ್ ಹೆಸರೂ ಬರಲ್ಲ.”

“ಕಿಂಡಿ ವಿಷಯ?”

“ಅದು ಬೇಡ.”

“ಐಲಾಗೆ ಏನು ಹೇಳ್ತೀರಿ?”

ಲಿಂಡ್ ಪೆನ್ನನ್ನು ಹಾಳೆಯ ಮೇಲಿಟ್ಟ. ಗುನ್‌ವೋರ್ ಬಾಗಿಲ ಕಡೆ ತಿರುಗಿ ನಿಂತಳು.

ರಾಸ್ಕ್ ಹಾಳೆಯನ್ನು ನಿಧಾನವಾಗಿ ಓದಿದ. ಪೆನ್ನನ್ನು ಲಿಂಡ್ ಕಡೆಗೆ ತಳ್ಳಿದ.

“ಕೈತಪ್ಪಿ ಫಿಲ್ಮು ಹಾಳಾಯ್ತು ಅಂತ ಬರ್ದಿದ್ದೀರಿ. ನನ್ನ ಕೈ ತಪ್ಪಿಲ್ಲ. ಫೋಟೊ ಹೋಯ್ತು, ರೋಲ್ಫ್ ಆಡಿದ ಮಾತು ಇನ್ನೂ ನನ್ನ ಕಿವೀಲಿದೆ. ಅದನ್ನ ಬರ್ಕೊಳ್ಳಿ. ಇದಕ್ಕೆ ನಾನು ಸಹಿ ಹಾಕಲ್ಲ.”