ಲಾಭ, ಎರಡು, ಮೂರು

2025ರ ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ 10.20ಕ್ಕೆ ದೇವದುರ್ಗ ಠಾಣೆಗೆ ಬಂದ ಸತ್ಯಭಾಮಾಬಾಯಿ ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದರು. ವಯಸ್ಸು ಎಪ್ಪತ್ತೊಂದು, ಮನೆಯಲ್ಲಿ ಮಕ್ಕಳಿಗೆ ದಾಸರ ಪದ ಕಲಿಸುತ್ತಾರೆ.

“ಭಾನುವಾರ ನಾ ಗುಡಿಗೆ ಹೋದಾಗ ಪಡಸಾಲಿಯೊಳಗಿನ ತಂಬೂರಿ ಕಳುವಾತ್ರಿ. ಇವತ್ತ ಸಂಜಿ ಐದಕ್ಕ ಈ ಮೊಬೈಲಿನ್ಯಾಗ ಅದರ ಲಿಲಾವು ಅದ.”

“ನಿಮ್ಮದ ಅಂತ ಹೆಂಗ ಹೇಳ್ತೀರಿ ಅಮ್ಮಾರ?” ಇನ್‌ಸ್ಪೆಕ್ಟರ್ ಶಶಿಕಲಾ ಕೇಳಿದರು.

“ಬುರುಡಿ ಸೀಳಿದಲ್ಲಿ ತಾಮ್ರದ ತ್ಯಾಪಿ ಹಚ್ಚೇದ, ನೋಡ್ರಿ. ನಲವತ್ತು ವರ್ಷ ಆ ಶ್ರುತಿಗೆ ನನ್ನ ದನಿ ಕೂತದ. ಈ ವಯಸ್ಸಿನ್ಯಾಗ ಬ್ಯಾರೆದ್ದಕ್ಕ ಕೂಡಂಗಿಲ್ರಿ.”

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಹರಾಜಿನ ಲೈವ್ ನಡೆಸುವವನ ಮುಖ ಯಾವ ವಿಡಿಯೋದಲ್ಲೂ ಇರಲಿಲ್ಲ. ಕೈ ಮತ್ತು ದನಿ ಮಾತ್ರ. ಖಾತೆಯ ವಿವರ ಬರಲು ವಾರ ಬೇಕು. ವಸ್ತುವನ್ನು ಮರುದಿನ ಹನ್ನೊಂದಕ್ಕೆ ಮಾನ್ವಿಯಲ್ಲಿ ಒಪ್ಪಿಸುವುದಾಗಿ ಪ್ರಕಟಣೆಯಲ್ಲಿತ್ತು. ಜಾಗ ತಿಳಿಸುವುದು ಗೆದ್ದವರಿಗೆ ಮಾತ್ರ. ಹಾಗಾಗಿ ಪೊಲೀಸರೇ ಗೆಲ್ಲಬೇಕಿತ್ತು.

ಕಾನ್‌ಸ್ಟೆಬಲ್ ಗೋಪಮ್ಮ ಇಂಥ ಲೈವ್‌ಗಳಲ್ಲಿ ಸೀರೆ ಕೊಂಡು ಪಳಗಿದವಳು.

“ಮೇಡಂ, ಎಷ್ಟಕ್ಕ ನಿಲ್ಲಬೇಕಂತ ಮೊದಲ ಬರೆದಿಡ್ರಿ. ಸುರುವಿಗೇ ಕೂಗಬಾರದು, ರೇಟ್ ಏರ್ತದ. ಅಂವ ಎಣಸಾಕ ಹತ್ತಿದ ಮ್ಯಾಲ ಹಾಕಬೇಕು. ಐದು ಸಾವಿರ ಅನ್ನಬಾರದು, ಐದು ಸಾವಿರದ ನೂರಾ ಹತ್ತು ಅನ್ನಬೇಕು. ಭಾಳ ಮಂದಿ ಐದು ಸಾವಿರಕ್ಕ ನಿಲ್ತಾರ.”

“ಇಷ್ಟು ಶಾಣ್ಯಾತನ ಕೇಸಿನ್ಯಾಗ ತೋರಸವ್ವಾ.”

ಸಂಜೆ 5.38ಕ್ಕೆ ಎಣಿಕೆ ಶುರುವಾಯಿತು. ಗೋಪಮ್ಮ ಮೊತ್ತ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅದು ನಿಲ್ಲುವಷ್ಟರಲ್ಲಿ ತಂಬೂರಿ ಬೇರೆ ಯಾರಿಗೋ ಹೋಗಿತ್ತು.

“ಎಲ್ಲಾ ಹೇಳಿದಿ. ನೆಟ್‌ವರ್ಕ್ ನೋಡ್ಕೋಬೇಕಂತ ಹೇಳಲಿಲ್ಲ.”

ಗೋಪಮ್ಮ ಲೈವ್ ಅನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ರೆಕಾರ್ಡ್ ಆದದ್ದನ್ನು ಮೂರು ಬಾರಿ ಕೇಳಿದಳು. “ಲಾಭ… ಎರಡು… ಮೂರು!”

“ಮೇಡಂ, ಅಂವ ಒಂದು ಅನ್ನಲಿಲ್ಲ. ನಮ್ಮಪ್ಪ ರಾಯಚೂರು ಗಂಜಿನ್ಯಾಗ, ಕಾಳಿನ ಬಜಾರದಾಗ, ಹಮಾಲಿ ಮಾಡ್ತಿದ್ದ. ಕಾಳು ಅಳಿಯೋ ಮಂದಿ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ರಿ, ಲಾಭ ಅಂತಾರ.”

ಬುಧವಾರ 9.15ಕ್ಕೆ ಇಬ್ಬರೂ ಮಾನ್ವಿಯ ಕಾಳಿನ ಪೇಟೆಯಲ್ಲಿದ್ದರು. ಕಾಳಿನ ವ್ಯಾಪಾರಿ ಅಲ್ತಾಫ್ ರೆಕಾರ್ಡಿಂಗ್ ಕೇಳಿ ನಕ್ಕ.

“ಬೀರೇಶಪ್ಪ! ಅಂವ ಕಾಳು ಅಳದ್ರ ಬಸ್ ಸ್ಟ್ಯಾಂಡಿಗೆ ಕೇಳಸ್ತಿತ್ರಿ. ಯಾಕ, ಏನ್ ಮಾಡ್ಯಾನ?”

“ಮನಿ ತೋರಸ್ರಿ.”

10.40ಕ್ಕೆ ಅವರು ಒಳಹೊಕ್ಕಾಗ ಬೀರೇಶ ತಂಬೂರಿಯನ್ನು ಕೌದಿಯಲ್ಲಿ ಸುತ್ತುತ್ತಿದ್ದ. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ತಂಬೂರಿ ವಶಪಡಿಸಿಕೊಂಡು ಅವನನ್ನು ಬಂಧಿಸಲಾಯಿತು. ನ್ಯಾಯಾಲಯದ ಆದೇಶದಂತೆ ಹತ್ತನೆಯ ದಿನ ಅದು ಸತ್ಯಭಾಮಾಬಾಯಿಯ ಕೈ ಸೇರಿತು.

ಬಂಧನದ ದಿನವೇ ಶಶಿಕಲಾ ಹೇಳಿಕೆ ಬರೆದುಕೊಂಡರು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಬೀರೇಶನನ್ನು ಅಳೆಯಲು ಯಾರೂ ಕರೆದಿರಲಿಲ್ಲ. ಮನೆಯ ಹಿತ್ತಾಳೆ ಪಾತ್ರೆಗಳಿಂದ ಲೈವ್ ಶುರುಮಾಡಿದ್ದ. ದನಿ ಕೇಳಲು ಜನ ಸೇರತೊಡಗಿದ್ದರು.

“ಎಲ್ಲಾ ಬಿಟ್ಟು ತಂಬೂರಿ ಯಾಕ?”

“ಸಾಮಾನು ಹುಡುಕ್ಕೋಂತ ದೇವದುರ್ಗಕ್ಕ ಬಂದಿದ್ದೆರಿ. ಬಾಗಲಾ ತೆರದಿತ್ತು, ಕಂಡಿತು.” ಅವನು ತಲೆ ಎತ್ತಲಿಲ್ಲ. “ನಮ್ಮ ಮನ್ಯಾಗಿನ ಸಾಮಾನು ತೀರಿದ್ವು ಯವ್ವಾ. ‘ಇವತ್ತ ಏನದ ಕಾಕಾ?’ ಅಂತ ನಾಕನೂರು ಮಂದಿ ಕೇಳಾಕತ್ತಿದ್ರು. ಏನಿಲ್ಲ ಅನ್ನಾಕ ಬಾಯಿ ಬರಲಿಲ್ಲ.”